ದಮ್ಮು ಇದ್ದೂ ದಮ್ ಹೊಡೀತೀನಿ, ಪಂಪ್ ಹಿಡೀತಿಲ್ಲ. ಬೇರೆ ಇನ್‌ಹೇಲರ್ ಯಾವ್ದಾದ್ರೂ ಇದ್ಯಾ?

ಅರೆಉಸಿರು (ಪ್ರಶ್ನೆ ಹಾಕಿದವರು)

ನಮಸ್ಕಾರ ಎಲ್ರಿಗೂ. ಬುದ್ಧಿವಾದ ಬೇಡ ಅಂತ ಮೊದ್ಲೇ ಹೇಳ್ಬಿಡ್ತೀನಿ. ನಂಗೆ 36, ಬೆಂಗಳೂರಲ್ಲಿ ಕೆಲಸ. ಉಬ್ಬಸ ಚಿಕ್ಕೋನಿದ್ದಾಗಿಂದ ಇತ್ತು, ಹೈಸ್ಕೂಲ್ ಹೊತ್ತಿಗೆ ತಾನಾಗೇ ಹೋಯ್ತು ಅಂದ್ಕೊಂಡಿದ್ವಿ, ಕಾಲೇಜಲ್ಲಿ ಸಿಗರೇಟ್ ಶುರುವಾಯ್ತು, ದಿನಕ್ಕೆ ಒಂದೋ ಎರಡೋ ಇದ್ದಿದ್ದು ಆಫೀಸ್ ಕೆಳಗಿನ ಟೀ ಅಂಗಡಿ ಪುಣ್ಯದಿಂದ ಈಗ ಏಳೆಂಟಕ್ಕೆ ಬಂದು ನಿಂತಿದೆ. ಎರಡು ವರ್ಷದಿಂದ ರಾತ್ರಿ ಮೂರು ಗಂಟೆಗೆ ಅಲಾರಂ ಇಟ್ಟಂಗೆ ಎಚ್ಚರ ಆಗುತ್ತೆ, ಎದೆ ಒಳಗೆ ಬೆಕ್ಕಿನ ಮರಿ ಕೂತಂಗೆ ಸುಯ್ ಸುಯ್ ಅನ್ನೋ ಸದ್ದು, ಮಂಚದ ತುದೀಲಿ ಕೂತು ಮಂಡಿ ಮೇಲೆ ಕೈ ಊರ್ಕೊಂಡು ಉಸಿರು ಎಳೀತಾ ಇರ್ತೀನಿ, ನೀಲಿ ಪಂಪ್ ಎರಡು ಸಲ ಒತ್ಕೊಂಡ್ರೆ ಇಪ್ಪತ್ತು ನಿಮಿಷಕ್ಕೆ ಸ್ವಲ್ಪ ಸಡಿಲ ಆಗುತ್ತೆ.

ಡಾಕ್ಟ್ರು ಬೆಳಿಗ್ಗೆ ಸಂಜೆ ಕ್ಯಾಪ್ಸೂಲ್ ಹಾಕಿ ಎಳೆಯೋ ಸ್ಟೀರಾಯ್ಡ್ ಇನ್‌ಹೇಲರ್ ಕೊಟ್ರು. 200 ಮೈಕ್ರೋಗ್ರಾಂದು ಇತ್ತು, ಮೂರು ತಿಂಗಳಾದ್ರೂ ಅಷ್ಟಕ್ಕಷ್ಟೇ. 400 ಮಾಡಿದ್ರು, ಆಗ್ಲೂ ಅಷ್ಟಕ್ಕಷ್ಟೇ. ಮೇಲೆ ಥಿಯೋಫಿಲಿನ್ ಅಂತ ಶ್ವಾಸನಾಳ ಸಡಿಲ ಮಾಡೋ ಮಾತ್ರೆ ಸೇರಿಸಿದ್ರು. "ಸ್ಮೋಕಿಂಗ್ ಏನಾದ್ರೂ ಇದ್ಯಾ" ಅಂತ ಕೇಳಿದ್ರು, ಪಕ್ಕದಲ್ಲಿ ಹೆಂಡ್ತಿ ಕೂತಿದ್ಲು, "ಇಲ್ಲ ಸಾರ್, ಮದುವೆ ಟೈಮಲ್ಲೇ ಬಿಟ್ಬಿಟ್ಟೆ" ಅಂದೆ. ಈಗ ಬೇರೆ ಕಂಪನಿ ಇನ್‌ಹೇಲರ್ ಕೇಳಿ ಬರೆಸ್ಕೊಳ್ಳೋಣ ಅಂತಿದೀನಿ. ಯಾರಿಗಾದ್ರೂ ಯಾವುದು ಚೆನ್ನಾಗಿ ಹಿಡೀತು ಹೇಳಿ.

ತಾತನ_ಮೊಮ್ಮಗ

ನಮ್ ತಾತ 88 ವರ್ಷದ ತನಕ ದಿನಾ ಒಂದು ಕಟ್ಟು ಬೀಡಿ ಸೇದಿದ್ರು ಗುರು, ಗದ್ದೆ ಕೆಲಸಾನೂ ಮಾಡ್ತಿದ್ರು. ಎಲ್ಲಾ ಹಣೆಬರಹ. ಟೆನ್ಷನ್ ತಗೋಬೇಡ.

ಊದಿ_ಊದಿ_ಊದಿ

ಮೊಮ್ಮಗಣ್ಣ, ನಿಮ್ಮ ತಾತಂಗೆ ಉಬ್ಬಸ ಇತ್ತಾ? ಇಲ್ಲ ಅಂದ್ರೆ ಆ ಕತೆ ಇಲ್ಲಿಗೆ ಬರಲ್ಲ.

ಅರೆಉಸಿರು ಅವ್ರೇ, ನಾನು ಒಂದು ಎದೆರೋಗ ವಿಭಾಗದಲ್ಲಿ ಪಿಎಫ್‌ಟಿ ಅನ್ನೋ ಶ್ವಾಸಕೋಶದ ಟೆಸ್ಟ್ ಮಾಡಿಸೋಳು, ಅಂದ್ರೆ ಪೈಪ್ ಬಾಯಿಗೆ ಕೊಟ್ಟು "ಊದಿ ಊದಿ ಊದಿ, ನಿಲ್ಲಿಸ್ಬೇಡಿ, ಇನ್ನೂ ಊದಿ" ಅಂತ ದಿನವಿಡೀ ಕಿರುಚೋ ಕೆಲಸ, ಅದಕ್ಕೇ ಈ ಹೆಸರು. ಡಾಕ್ಟರ್ ಅಲ್ಲ. ಆದ್ರೆ ನಿಮ್ಮ ಕೇಸ್ ವಾರಕ್ಕೆ ಮೂರ್ನಾಲ್ಕು ನೋಡ್ತೀನಿ, ಹಂಗಾಗಿ ಉದ್ದ ಬರೀತಿದೀನಿ, ಓದ್ಕೊಳ್ಳಿ.

ಇನ್‌ಹೇಲರ್ ಕಂಪನಿ ಬದಲಾಯಿಸಿದ್ರೆ ಏನೂ ಆಗಲ್ಲ, ಯಾಕಂದ್ರೆ ಕೆಟ್ಟಿರೋದು ಇನ್‌ಹೇಲರ್ ಅಲ್ಲ. ಅಸ್ತಮಾದಲ್ಲಿ ಶ್ವಾಸನಾಳದ ಒಳಗೋಡೆ ಊದ್ಕೊಂಡು ಕೆಂಪಗೆ ಇರುತ್ತೆ, ಆ ಊತ ಎಬ್ಬಿಸೋ ಜೀನ್‌ಗಳ ಸ್ವಿಚ್ ಆಫ್ ಮಾಡೋದೇ ಸ್ಟೀರಾಯ್ಡ್ ಕೆಲಸ. ಆದ್ರೆ ಅದು ಒಬ್ಬಂಟಿಯಾಗಿ ಮಾಡಲ್ಲ, ಜೀವಕೋಶದ ಒಳಗಿರೋ ಎಚ್‌ಡಿಎಸಿ2 ಅನ್ನೋ ಎನ್ಜೈಮ್‌ನ ಸಹಾಯ ಬೇಕು, ಸಿಗರೇಟ್ ಹೊಗೆ ಹೋಗಿ ಹೊಡೆಯೋದು ಅದನ್ನೇ. ಮೇಸ್ತ್ರಿ ಬಂದಿದಾನೆ, ಕರಣೆ ನೀವು ಬಚ್ಚಿಟ್ಟಿದೀರ. 200 ಆದ್ರೂ ಅಷ್ಟೇ, 400 ಆದ್ರೂ ಅಷ್ಟೇ. ಅಸ್ತಮಾದಲ್ಲಿ ಸಾಮಾನ್ಯವಾಗಿ ಇಯೊಸಿನೊಫಿಲ್ ಅನ್ನೋ ಬಿಳಿ ರಕ್ತಕಣ ಜಾಸ್ತಿ ಇರುತ್ತೆ, ಅದು ಸ್ಟೀರಾಯ್ಡ್‌ಗೆ ಬಗ್ಗುತ್ತೆ. ಸೇದೋರ ಕಫದಲ್ಲಿ ನ್ಯೂಟ್ರೊಫಿಲ್ ತುಂಬ್ಕೊಳ್ಳುತ್ತೆ, ಅದು ಬಗ್ಗಲ್ಲ. ಇನ್ನೊಂದು ವಿಷಯ, ಅಸ್ತಮಾ ಔಷಧಿಗಳ ದೊಡ್ಡ ದೊಡ್ಡ ಟ್ರಯಲ್‌ಗಳಲ್ಲಿ ಸೇದೋರನ್ನ ಬಹಳ ಕಾಲ ಹೊರಗೇ ಇಟ್ಟಿದ್ರು, ಹಂಗಾಗಿ "ಈ ಔಷಧಿ ಇಷ್ಟು ಹಿಡಿಯುತ್ತೆ" ಅನ್ನೋ ಲೆಕ್ಕ ಬಹುಪಾಲು ಸೇದದೇ ಇರೋರ ಮೇಲೆ ತೆಗೆದಿದ್ದು.

ಈಗ ಡಾಕ್ಟ್ರ ಕಡೆಯಿಂದ ನೋಡಿ. ನೀವು ಇಲ್ಲ ಅಂದಿದೀರ, ಅವ್ರು ನಂಬಿ "ಸೇದಲ್ಲ, ಆದ್ರೂ ಕಂಟ್ರೋಲ್ ಆಗ್ತಿಲ್ಲ, ಅಂದ್ರೆ ಜೋರಾಗಿರೋ ಅಸ್ತಮಾ" ಅಂತ ಡೋಸ್ ಏರಿಸ್ತಾ ಹೋಗ್ತಿದಾರೆ. ನಿಮ್ಮ ಒಂದು ಸುಳ್ಳಿಗೆ ನಿಮ್ಮ ಮೈ ಎರಡು ಪಟ್ಟು ಸ್ಟೀರಾಯ್ಡ್ ತಗೋತಿದೆ.

ಪಿಎಫ್‌ಟಿ ಮಾಡಿಸಿದೀರಾ? ಕಾಗದದಲ್ಲಿ ಎಫ್‌ಇವಿ1 ಅಂತ ಇರುತ್ತೆ, ಜೋರಾಗಿ ಊದಿದಾಗ ಮೊದಲ ಒಂದು ಸೆಕೆಂಡಲ್ಲಿ ಎಷ್ಟು ಗಾಳಿ ಆಚೆ ಬಂತು ಅನ್ನೋದು. ಅದನ್ನ ಇಲ್ಲಿ ಹಾಕಿ.

ಅರೆಉಸಿರು

ಅಕ್ಕಾ, ಮೇಸ್ತ್ರಿ ಕರಣೆ ಉದಾಹರಣೆ ನೋಡಿ ಐದು ನಿಮಿಷ ಸುಮ್ನೆ ಕೂತಿದ್ದೆ. ಇದನ್ನ ಯಾರೂ ಹೇಳಿರ್ಲಿಲ್ಲ. ಸಿಗರೇಟ್ ಕೆಟ್ಟದ್ದು ಅಂತ ಗೊತ್ತು, ಕ್ಯಾನ್ಸರ್ ಗಿನ್ಸರ್ ಅರವತ್ತಾದ್ಮೇಲೆ ನೋಡ್ಕೊಳ್ಳೋಣ ಅಂತಿದ್ದೆ, ಆದ್ರೆ ನಾನು ದುಡ್ಡು ಕೊಟ್ಟು ತಗೊಳ್ತಿರೋ ಔಷಧೀನ ನಾನೇ ಕೆಡಿಸ್ತಿದೀನಿ ಅಂತ ಗೊತ್ತಿರ್ಲಿಲ್ಲ.

ಕಾಗದ ಹುಡುಕಿದೆ. ಎಫ್‌ಇವಿ1 2.10 ಲೀಟರ್, ಪಕ್ಕದಲ್ಲಿ 58% ಅಂತಿದೆ. ಪಂಪ್ ಹೊಡ್ಸಿ ಹದಿನೈದು ನಿಮಿಷ ಬಿಟ್ಟು ಊದಿಸಿದಾಗ 2.38.

ಊದಿ_ಊದಿ_ಊದಿ

ಪಂಪ್ ಆದ್ಮೇಲೆ 280 ಮಿ.ಲೀ. ಏರಿದೆ. 12 ಪರ್ಸೆಂಟೂ ದಾಟಿ 200 ಮಿ.ಲೀ.ಯೂ ದಾಟಿದ್ರೆ ನಾಳ ಇನ್ನೂ ಬಿಚ್ಚಿಕೊಳ್ತಿದೆ ಅಂತ ಅರ್ಥ, ಅದು ಒಳ್ಳೇ ಸುದ್ದಿ. ಆದ್ರೆ 36ಕ್ಕೆ 58%, ಅಂದ್ರೆ ನಿಮ್ಮ ವಯಸ್ಸು ಎತ್ತರದೋರಿಗೆ ಇರಬೇಕಾದ್ದರಲ್ಲಿ ಇಷ್ಟೇ, ಒಳ್ಳೇದಲ್ಲ. ಎಫ್‌ಇವಿ1 ಲೀಟರ್ ಲೆಕ್ಕದಲ್ಲಿ ವಯಸ್ಸಾದಂಗೆ ಎಲ್ರಿಗೂ ಇಳಿಯುತ್ತೆ. ಕೋಪನ್‌ಹೇಗನ್‌ನಲ್ಲಿ ಸಾವಿರಾರು ಜನರನ್ನ 15 ವರ್ಷ ಬೆನ್ನು ಹತ್ತಿ ನೋಡಿ 1998ರಲ್ಲಿ ಲೆಕ್ಕ ಕೊಟ್ಟಿದ್ರು, ಅಸ್ತಮಾ ಇಲ್ಲದೋರಿಗೆ ಸರಾಸರಿ ವರ್ಷಕ್ಕೆ 22 ಮಿ.ಲೀ., ಇದ್ದೋರಿಗೆ 38. ಅದ್ರ ಮೇಲೆ ಸಿಗರೇಟ್ ಸೇರಿದ್ರೆ ಇನ್ನೂ ಜೋರಾಗಿ ಇಳಿಯುತ್ತೆ. ನಿಮ್ಮ 280 ಎಷ್ಟು ವರ್ಷದ ಉಳಿತಾಯ ಅಂತ 38ರಿಂದ ನೀವೇ ಭಾಗ ಮಾಡ್ಕೊಳ್ಳಿ.

ಒಗ್ಗರಣೆ_ಘಾಟು

ನಂದೊಂದು ಡೌಟು. ನಂಗೂ ಅಸ್ತಮಾ, ದಿನಕ್ಕೆ ಎರಡೇ ಎರಡು, ಅದೂ ಮಿಂಟ್ ಫ್ಲೇವರ್ ಲೈಟ್ ಸಿಗರೇಟು. ಮನೇಲಿ ಒಣಮೆಣಸಿನಕಾಯಿ ಒಗ್ಗರಣೆಗೆ ನಂಗೆ ಆಗೋ ಕೆಮ್ಮು ಸಿಗರೇಟಿಗೆ ಆಗಲ್ಲ, ಊದುಬತ್ತಿಗೂ ಆಗುತ್ತೆ, ಸೊಳ್ಳೆಬತ್ತಿಗಂತೂ ಕೇಳ್ಬೇಡಿ. ಹಂಗಾದ್ರೆ ಸಿಗರೇಟ್ ಒಂದರ ಮೇಲೇ ಯಾಕೆ ಎಲ್ರಿಗೂ ಕೋಪ?

ಊದಿ_ಊದಿ_ಊದಿ

ಒಗ್ಗರಣೆ ಘಾಟಿಗೆ ಕೆಮ್ಮು ಬಂದ್ರೆ ಏನ್ಮಾಡ್ತೀರ, ಕಿಟಕಿ ತೆಗೀತೀರ. ಬಾಣಲೆ ಮೇಲೆ ಬಾಯಿಟ್ಟು ಹತ್ತು ಸಲ ಎಳ್ಕೊಳ್ಳಲ್ಲ ಅಲ್ವಾ. ಮಿಂಟ್ ಅಂದ್ರಲ್ಲ, ಮೆಂಥಾಲ್ ಗಂಟಲನ್ನ ತಂಪು ಮಾಡಿ ಉರಿ ಗೊತ್ತಾಗದ ಹಂಗೆ ಮಾಡುತ್ತೆ, ಕೆಮ್ಮು ಬರ್ತಿಲ್ಲ ಅಂತ ನೀವು ಇನ್ನೂ ಆಳವಾಗಿ ಎಳೀತೀರ. ಲೈಟ್ ಅನ್ನೋದೂ ಹೆಸರಿಗಷ್ಟೇ, ನಿಕೋಟಿನ್ ಸಾಲ್ದೇ ಇದ್ರೆ ಜನ ಜೋರಾಗಿ ಎಳೀತಾರೆ. ಸೊಳ್ಳೆಬತ್ತಿ ವಿಷಯ ಮಾತ್ರ ನೂರಕ್ಕೆ ನೂರು ಒಪ್ತೀನಿ, ಅದನ್ನೂ ಬಿಡಿ, ಪರದೆ ಕಟ್ಕೊಳ್ಳಿ.

ಹುಬ್ಬಳ್ಳಿ_ಅಕ್ಕಾರು

ನಮ್ಮ ಅಪ್ಪಾಜಿದ್ ಹೇಳ್ತೀನಿ ಕೇಳ್ರಿ. ಅವರಿಗೆ ಸಣ್ಣಾವ್ರಿದ್ದಾಗಿಂದ ದಮ್ಮು, ಅದರ ಜೋಡಿ ಬೀಡಿ. ವರ್ಷಾ ಮೃಗಶಿರಾ ಬಂತಂದ್ರ ಹೈದರಾಬಾದಿಗೆ ಹೋಗಿ ಸಾಲಿನ್ಯಾಗ ರಾತ್ರಿಯೆಲ್ಲಾ ನಿಂತು ಆ ಜೀವಂತ ಮೀನಿನ ಔಷಧಾ ನುಂಗಿ ಬರ್ತಿದ್ರು, ನಾನೂ ಎರಡ ಸಲ ಜೋಡಿ ಹೋಗೇನಿ. ಔಷಧಾ ನುಂಗಿ ಕಣ್ಣಾಗ ನೀರ ತಂದ್ಕೊಂಡು ಹೊರಗ ಬರೋದು, ಸ್ಟೇಷನ್ ಮುಂದ ನಿಂತು ಬೀಡಿ ಹಚ್ಚೋದು. "ಅಪ್ಪಾಜಿ, ಈಗ ತಾನ ನುಂಗಿ ಬಂದೀರಿ" ಅಂದ್ರ "ಮೀನ ಹೊಟ್ಟ್ಯಾಗ ಅದ, ಹೊಗಿ ಎದಿಗೆ ಹೋಗ್ತದ, ಎರಡಕ್ಕೂ ಸಂಬಂಧ ಇಲ್ಲ" ಅಂತಿದ್ರು. ನಗಬ್ಯಾಡ್ರಿ, ನಾವೂ ನಕ್ಕೇವಿ ಆವಾಗ.

55 ದಾಟಿದ ಮ್ಯಾಲೆ ಪಂಪ್ ಹೊಡದ್ರೂ ಬಿಚ್ಚೂದ ನಿಂತ್ಬಿಡ್ತು. ಡಾಕ್ಟ್ರು ಅಂದ್ರು, ಮೊದಲ ಬರೇ ಅಸ್ತಮಾ ಇತ್ತು, ನಾಳ ಮುಚ್ಚತಿತ್ತು ತೆರೀತಿತ್ತು, ಈಗ ಸಿಒಪಿಡಿ ಅನ್ನೋ ಕಾಯಂ ಎದಿ ಬ್ಯಾನಿನೂ ಕೂಡ್ಕೊಂಡದ, ಇನ್ನ ಪೂರಾ ತೆರಿಯೂದಿಲ್ಲ ಅಂತ. ಈಗ 67, ಪಡಸಾಲಿಯಿಂದ ಬಚ್ಚಲಕ್ಕ ಹೋಗಾಕ ನಡಬರಕ ಒಂದ ಕುರ್ಚಿ ಇಟ್ಟೇವಿ, ಅಲ್ಲಿ ಕುಂತು ದಮ್ಮ ತಗೊಂಡು ಮುಂದ ಹೋಗ್ತಾರ. ಬೀಡಿ ಬಿಟ್ಟಾರ, ಬಿಟ್ಟದ್ದು 61ಕ್ಕ. ತಮ್ಮಾ, ನಿಂದು ಇನ್ನೂ 280 ಏರ್ತದಲ್ಲ, ನಮ್ಮ ಅಪ್ಪಾಜಿ ಕಾಗದದಾಗ ಹೋದ ವರ್ಷ 60 ಸುದ್ದಾ ಏರಲಿಲ್ಲ.

ಹುಣಸೂರಿನೋನು

ಬೀಡಿ ವಿಷ್ಯ ಬಂತು ಅಂತ ಒಂದು ಮಾತು. ಬೀಡಿ ಎಲೇಲಿ ಸುತ್ತಿರೋದು, ನಾಟಿ, ಪೇಪರ್ ಇಲ್ಲ ಕೆಮಿಕಲ್ ಇಲ್ಲ ಅಂತ ನಮ್ಮ ಕಡೆ ಬಹಳ ಜನ ಹೇಳ್ತಾರೆ. ಆ ಎಲೆ ಸರಿಯಾಗಿ ಉರಿಯಲ್ಲ, ಆರಿ ಹೋಗ್ತಾ ಇರುತ್ತೆ, ಆರದಂಗೆ ಮೇಲಿಂದ ಮೇಲೆ ಎಳೀಲೇಬೇಕು, ಹಂಗಾಗಿ ತಂಬಾಕು ಕಮ್ಮಿ ಇದ್ರೂ ಒಳಗೆ ಹೋಗೋ ಟಾರು ಸಿಗರೇಟಿಗಿಂತ ಜಾಸ್ತಿ.

ನಮ್ದು ಹೊಗೆಸೊಪ್ಪು ಬೆಳೆಯೋ ಮನೆ. ಸೊಪ್ಪು ಮುರಿಯೋ ಟೈಮಲ್ಲಿ ಬೆಳಗಿನ ಇಬ್ಬನೀಲಿ ಒದ್ದೆ ಎಲೆ ಕಂಕುಳಲ್ಲಿ ಇಟ್ಕೊಂಡು ಬಂದ್ರೆ ಮಧ್ಯಾಹ್ನಕ್ಕೆ ತಲೆ ಸುತ್ತು ವಾಂತಿ, ಚರ್ಮದಲ್ಲೇ ನಿಕೋಟಿನ್ ಇಳಿಯುತ್ತೆ. ಆಮೇಲೆ ಬ್ಯಾರನ್‌ಗೆ, ಅಂದ್ರೆ ಸೊಪ್ಪು ಹದ ಮಾಡೋ ಮನೆಗೆ, ಸೌದೆ ಹಾಕಿ ಹಗಲು ರಾತ್ರಿ ಬೇಯಿಸೋದು. ನಾನು ಜೀವಮಾನದಲ್ಲಿ ಒಂದು ಸಿಗರೇಟ್ ಸೇದಿಲ್ಲ, ಆದ್ರೂ ಬ್ಯಾರನ್ ಸೀಸನ್‌ನಲ್ಲಿ ಆ ಸೌದೆ ಹೊಗೆಗೆ ನಂಗೆ ಪಂಪ್ ಬೇಕು. ಬೆಳೆ ಬಿಡಿ ಅಂತ ಹೇಳೋದು ಸುಲಭ, ಪಿರಿಯಾಪಟ್ಟಣ ಹುಣಸೂರು ಕಡೆ ಬಂದು ನೋಡಿ, ಹರಾಜು ಕಟ್ಟೇಲಿ ಕೈಗೆ ಬರೋ ದುಡ್ಡು ರಾಗಿಗೆ ಬರುತ್ತಾ? ಇದು ಬೇರೆ ಜಗಳ, ಬಿಡಿ.

ಮಗಾ_ಕ್ಲೌಡ್

ವೇಪ್‌ಗೆ ಶಿಫ್ಟ್ ಆಗು ಮಗಾ. ಹೊಗೆ ಇಲ್ಲ, ಬರೀ ಆವಿ.

ಮೆಡಿಕಲ್_ಶಾಪ್_ಅಣ್ಣ

ಕ್ಲೌಡ್ ಅವ್ರೇ, ಮೊದಲನೇದು, ಇ-ಸಿಗರೇಟ್ 2019ರಿಂದ ದೇಶದಲ್ಲೇ ನಿಷೇಧ, ಮಾರೋದೂ ಇಲ್ಲ ತರಿಸೋದೂ ಇಲ್ಲ, ಕದ್ದು ಬರೋದ್ರಲ್ಲಿ ಏನಿದೆ ಅಂತ ಮಾರೋನಿಗೂ ಗೊತ್ತಿಲ್ಲ. ಎರಡನೇದು, ಅದು ಸ್ನಾನದ ಮನೆ ಆವಿ ಅಲ್ಲ, ಪ್ರೊಪೈಲೀನ್ ಗ್ಲೈಕಾಲು, ಗ್ಲಿಸರಿನ್ನು, ಫ್ಲೇವರ್ ಕೆಮಿಕಲ್ಲು, ಉಬ್ಬಸದ ನಾಳಕ್ಕೆ ಅದೂ ಕೆರೆತಾನೇ. ಹುಕ್ಕಾ ಅಂತ ಇನ್ಯಾರೋ ಬರೋಕೆ ಮುಂಚೆ ಹೇಳ್ತೀನಿ, ಅದನ್ನೂ ನಮ್ಮ ರಾಜ್ಯದಲ್ಲಿ 2024 ಫೆಬ್ರವರೀಲಿ ಬಂದ್ ಮಾಡಿದಾರೆ.

ಈಗ ಅರೆಉಸಿರು ಸಾರ್, ನಿಮ್ಮ ಪೋಸ್ಟಲ್ಲಿ ಎಲ್ರೂ ದಾಟಿ ಹೋಗಿದ್ದು ಒಂದಿದೆ, ಥಿಯೋಫಿಲಿನ್ ಮಾತ್ರೆ. ಇದನ್ನ ದಯವಿಟ್ಟು ಎರಡು ಸಲ ಓದಿ. ಸಿಗರೇಟಿನ ಟಾರು ಲಿವರ್‌ನಲ್ಲಿ ಒಂದು ಎನ್ಜೈಮ್‌ನ ಚುರುಕು ಮಾಡಿರುತ್ತೆ, ಅದು ಥಿಯೋಫಿಲಿನ್‌ನ ಬೇಗ ಬೇಗ ಕರಗಿಸಿ ಹೊರಗೆ ಹಾಕ್ತಿರುತ್ತೆ. ನೀವು ಸೇದಲ್ಲ ಅಂದಿದೀರ, ಮಾತ್ರೆ ಹಿಡೀತಿಲ್ಲ ಅಂತ ಡಾಕ್ಟ್ರು ಅದನ್ನೂ ಜಾಸ್ತಿ ಮಾಡಿರಬಹುದು. ನಾಳೆ ನೀವು ಧೈರ್ಯ ಮಾಡಿ ಸಿಗರೇಟ್ ಬಿಟ್ರಿ ಅಂದ್ಕೊಳ್ಳಿ, ಒಂದು ವಾರದೊಳಗೆ ಆ ಎನ್ಜೈಮ್ ತಣ್ಣಗಾಗುತ್ತೆ, ಅದೇ ಮಾತ್ರೆ ರಕ್ತದಲ್ಲಿ ಏರ್ತಾ ಹೋಗುತ್ತೆ, ವಾಕರಿಕೆ, ಕೈ ನಡುಕ, ಎದೆ ಡವಡವ, ಜಾಸ್ತಿ ಆದ್ರೆ ಫಿಟ್ಸ್ ತನಕ ಹೋಗುತ್ತೆ. ಹಂಗಾಗಿ ಬಿಡೋಕೆ ಮುಂಚೆಯೇ ಡಾಕ್ಟ್ರಿಗೆ ಹೇಳಿ, ಡೋಸ್ ಅವ್ರೇ ಇಳಿಸ್ತಾರೆ, ನೀವಾಗಿ ಕೈ ಹಾಕ್ಬೇಡಿ.

ಕಾಫೀನೂ ಅದೇ ದಾರೀಲಿ ಕರಗೋದು. ಸೇದೋರಿಗೆ ಕೆಫೀನ್ ಹತ್ರಹತ್ರ ಎರಡು ಪಟ್ಟು ಬೇಗ ಇಳಿಯುತ್ತೆ. ಬಿಟ್ಟ ಮೇಲೆ ಅದೇ ಮೂರು ಲೋಟ ಫಿಲ್ಟರ್ ಕಾಫಿ ಆರು ಲೋಟದಂಗೆ ಹೊಡೆಯುತ್ತೆ, ನಿದ್ದೆ ಇಲ್ಲ, ಸಿಡಿಮಿಡಿ, ಜನ ಇದನ್ನ "ಸಿಗರೇಟ್ ಬಿಟ್ಟಿದ್ದಕ್ಕೆ ಹಿಂಗಾಗ್ತಿದೆ" ಅಂದ್ಕೊಂಡು ವಾಪಸ್ ಹಚ್ತಾರೆ. ಕಾಫಿ ಅರ್ಧ ಮಾಡಿ ಸಾರ್.

ನಿಕೋಟಿನ್ ಗಮ್ 2 ಮಿ.ಗ್ರಾಂ. ಚೀಟಿ ಇಲ್ದೆ ಕೊಡ್ತೀವಿ. ಬಬಲ್ ಗಮ್ ಥರ ಜಗೀಬೇಡಿ, ನಾಲ್ಕೈದು ಸಲ ಜಗಿದು ಖಾರ ಅನ್ಸಿದ ತಕ್ಷಣ ದವಡೆ ಸಂದೀಲಿ ಇಟ್ಟು ಸುಮ್ನಿರಿ, ಖಾರ ಹೋದ್ಮೇಲೆ ಮತ್ತೆ ಜಗೀರಿ. ಅದಕ್ಕೆ ಹದಿನೈದು ನಿಮಿಷ ಮುಂಚೆ ಕಾಫಿ, ನಿಂಬೆ ಜ್ಯೂಸ್ ಕುಡಿದಿರಬಾರದು, ಬಾಯಿ ಹುಳಿ ಇದ್ರೆ ನಿಕೋಟಿನ್ ಹೀರ್ಕೊಳ್ಳಲ್ಲ. "ಗಮ್ ತಗೊಂಡೆ, ಏನೂ ಆಗ್ಲಿಲ್ಲ" ಅಂತ ವಾಪಸ್ ಬರೋರಲ್ಲಿ ಮುಕ್ಕಾಲು ಜನ ಒಂದು ಕೈಲಿ ಕಾಫಿ ಲೋಟ ಹಿಡ್ಕೊಂಡೇ ಬಂದಿರ್ತಾರೆ.

ತಾತನ_ಮೊಮ್ಮಗ

ಸರಿ ನಾನು ಬಾಯಿ ಮುಚ್ಚಿದೆ. ಆದ್ರೆ ಪ್ಯಾಕೆಟ್ ಮೇಲೆ ಅಷ್ಟು ದೊಡ್ಡ ಫೋಟೋ ಹಾಕ್ತಾರಲ್ಲ, ಯಾರೂ ಬಿಡಲ್ಲ ಯಾಕೆ?

ಮೆಡಿಕಲ್_ಶಾಪ್_ಅಣ್ಣ

ಪ್ಯಾಕೆಟ್ ನೋಡೋರು ಯಾರು? 85 ಪರ್ಸೆಂಟ್ ಜಾಗ ಫೋಟೋಗೆ ಕೊಟ್ಟಿದಾರೆ, 2018ರಿಂದ ಬಿಡಿಸೋಕೆ ಸಹಾಯ ಮಾಡೋ ಫೋನ್ ನಂಬರ್ ಕೂಡ ಅಲ್ಲೇ ಹಾಕಿದಾರೆ, 1800-11-2356, ದುಡ್ಡು ಇಲ್ಲ, ನಿಮ್ಹಾನ್ಸ್‌ನಲ್ಲೂ ಕೂತು ಕನ್ನಡದಲ್ಲಿ ಮಾತಾಡ್ತಾರೆ. ಆದ್ರೆ ನಮ್ಮ ಜನ ಪ್ಯಾಕೆಟ್ ತಗೊಳ್ಳಲ್ಲ, ಬಿಡಿಬಿಡಿಯಾಗಿ ಒಂದೊಂದೇ ಸಿಗರೇಟ್ ತಗೋತಾರೆ. 2017ರಲ್ಲೇ ನಮ್ಮ ರಾಜ್ಯದಲ್ಲಿ ಹಂಗೆ ಬಿಡಿಬಿಡಿಯಾಗಿ ಮಾರೋದು ನಿಷೇಧ ಆಯ್ತು, ಯಾವ ಗೂಡಂಗಡಿಯಾದ್ರೂ ನಿಲ್ಸಿದೆಯಾ ಹೇಳಿ. ಹತ್ತು ವರ್ಷ ಸೇದಿರೋನು ಆ ನಂಬರ್ ಒಂದು ಸಲಾನೂ ನೋಡಿರಲ್ಲ, ಅಂಗಡಿಯೋನು ಡಬ್ಬದಿಂದ ಒಂದು ತೆಗೆದು ಕೈಗೆ ಕೊಡ್ತಾನೆ, ಕಂಬಕ್ಕೆ ದಾರದಲ್ಲಿ ಕಟ್ಟಿರೋ ಲೈಟರ್‌ನಲ್ಲಿ ಹಚ್ಕೊಂಡು ಹೋಗ್ತಾನೆ.

ಅರೆಉಸಿರು

ಹನ್ನೊಂದು ದಿನ ಆದ್ಮೇಲೆ ಬರ್ತಿದೀನಿ. ಡಾಕ್ಟ್ರ ಹತ್ರ ಹೋಗಿದ್ದೆ, ಹೆಂಡ್ತೀನ ಹೊರಗೆ ಕೂರಿಸಿ ಒಬ್ನೇ ಒಳಗೆ ಹೋಗಿ ನಿಜ ಹೇಳ್ದೆ. ಬೈತಾರೆ ಅಂದ್ಕೊಂಡಿದ್ದೆ, ಬೈಲಿಲ್ಲ, ಕನ್ನಡಕ ತೆಗೆದು ಟೇಬಲ್ ಮೇಲಿಟ್ಟು ಫೈಲ್ ಮೊದಲನೇ ಪುಟದಿಂದ ಮತ್ತೆ ಓದಿದ್ರು. ಥಿಯೋಫಿಲಿನ್ ನಿಲ್ಸೇ ಬಿಟ್ರು. ಕ್ಯಾಪ್ಸೂಲ್ ಎಳೆಯೋದು ತೋರ್ಸಿ ಅಂದ್ರು, ತೋರಿಸ್ದೆ, ಅದೂ ತಪ್ಪು, ನಾನು ಮೆಲ್ಲಗೆ ಎಳೀತಿದ್ದೆ, ಪುಡಿ ಇರೋದನ್ನ ಜೋರಾಗಿ ಒಂದೇ ದಮ್ಮಿಗೆ ಎಳೀಬೇಕಂತೆ, ಮೆಲ್ಲಗೆ ಎಳೆಯೋದು ಒತ್ತೋ ಪಂಪ್‌ನಂತೆ. ಆಚೆ ಬಂದು ಹೆಂಡ್ತಿಗೂ ಹೇಳ್ದೆ. ಅವಳು "ನಿನ್ನ ಶರ್ಟ್ ಒಗೆಯೋದು ಯಾರು ಅಂದ್ಕೊಂಡಿದೀಯ" ಅಂದ್ಳು, ಅಷ್ಟೇ, ಆಟೋ ಹತ್ತಿದ್ವಿ.

ಬಿಟ್ಟು ಇವತ್ತಿಗೆ ಎಂಟನೇ ದಿನ. ಕೆಮ್ಮು ಕಮ್ಮಿ ಆಗೋ ಬದಲು ಜಾಸ್ತಿ ಆಗಿದೆ! ಬೆಳಿಗ್ಗೆ ಅರ್ಧ ಗಂಟೆ ಬಚ್ಚಲಲ್ಲಿ ಕಂದು ಬಣ್ಣದ ಕಫ. ಟೀ ಅಂಗಡಿಯೋನು "ಏನ್ ಸಾರ್ ಬಿಟ್ಮೇಲೆ ಜಾಸ್ತಿ ಆಯ್ತಲ್ಲ, ಒಂದು ಎಳೀರಿ ಸರಿ ಹೋಗುತ್ತೆ" ಅಂತಾನೆ, ಮೊನ್ನೆ ಕೈ ಚಾಚೇ ಬಿಟ್ಟಿದ್ದೆ. ಇದು ನಾರ್ಮಲ್ಲಾ?

ಊದಿ_ಊದಿ_ಊದಿ

ನಾರ್ಮಲ್ಲು. ನಾಳದ ಒಳಗೆ ಕೂದಲಿನ ಥರ ಸಣ್ಣ ಎಳೆಗಳಿರುತ್ತೆ, ಕಫಾನ ಕಸಬರಿಕೆ ಥರ ಮೇಲಕ್ಕೆ ತಳ್ಳೋದು ಅವೇ. ಇಷ್ಟು ವರ್ಷ ಹೊಗೆಗೆ ಮರಗಟ್ಟಿ ಮಲಗಿದ್ವು, ಈಗ ಎದ್ದು ಗುಡಿಸ್ತಿವೆ. ಕೆಲವು ವಾರ ಇರುತ್ತೆ. ಆದ್ರೆ ಕಫದಲ್ಲಿ ರಕ್ತ ಬಂದ್ರೆ, ಜ್ವರ ಬಂದ್ರೆ, ಅಥವಾ ಒಂದು ಪೂರ್ತಿ ವಾಕ್ಯ ಹೇಳೋಕಾಗದಷ್ಟು ಉಸಿರು ಕಟ್ಟಿದ್ರೆ ಇಲ್ಲಿ ಬರ್ದು ಕಾಯ್ತಾ ಕೂರ್ಬೇಡಿ, ಸೀದಾ ಆಸ್ಪತ್ರೆ.

ಆರು ವಾರ ತಡ್ಕೊಳ್ಳಿ. ಸುಮ್ನೆ ಹೇಳ್ತಿಲ್ಲ, ಗ್ಲಾಸ್ಗೋದಲ್ಲಿ ಉಬ್ಬಸ ಇರೋ ಸೇದೋರನ್ನೇ ತಗೊಂಡು 2006ರಲ್ಲಿ ನೋಡಿದ್ರು, ಚಿಕ್ಕ ಸ್ಟಡಿನೇ, ಆರು ವಾರ ಬಿಟ್ಟೋರ ಎಫ್‌ಇವಿ1 ಸೇದ್ತಾನೇ ಇದ್ದೋರಿಗೆ ಹೋಲಿಸಿದ್ರೆ ಸರಾಸರಿ 400 ಮಿ.ಲೀ. ಆಸುಪಾಸು ಮುಂದಿತ್ತು. ಟೀ ಅಂಗಡಿ ಬದಲಾಯಿಸಿ, ಇನ್‌ಹೇಲರ್ ಅಲ್ಲ.

ಹುಬ್ಬಳ್ಳಿ_ಅಕ್ಕಾರು

ತಮ್ಮಾ ಕೈ ಚಾಚಬ್ಯಾಡ. ಕಿಸೆದಾಗ ಹುರದ ಸೋಂಪ ಇಟ್ಕೋ.

ಅರೆಉಸಿರು

ಏಳನೇ ವಾರ. ಮಧ್ಯೆ ಒಂದು ಮದುವೆ ಮನೇಲಿ ಒಂದೂವರೆ ಸೇದಿದೆ, ಮುಚ್ಚಿಡಲ್ಲ, ಮುಚ್ಚಿಟ್ಟಿದ್ದರ ಫಲ ಗೊತ್ತಾಗಿದೆ. ಅದು ಬಿಟ್ರೆ ಇಲ್ಲ. ನಿನ್ನೆ ಪಿಎಫ್‌ಟಿ ಆಯ್ತು, ಪಂಪ್ ಇಲ್ದೆ 2.46. ಅಲ್ಲಿದ್ದ ಹುಡುಗ "ಊದಿ ಊದಿ" ಅಂತ ಕಿರುಚ್ತಿದ್ರೆ ನಂಗೆ ಅಕ್ಕನ ಹೆಸರು ನೆನಪಾಗಿ ನಗು ಬಂದು ಮೊದಲನೇ ಸಲದ್ದು ವೇಸ್ಟ್ ಆಯ್ತು, ಎರಡನೇ ಸಲ ಬೈದು ಊದಿಸಿದ. ಇದ್ರಲ್ಲಿ ಎಷ್ಟು ಸಿಗರೇಟ್ ಬಿಟ್ಟಿದ್ದಕ್ಕೆ, ಎಷ್ಟು ಕ್ಯಾಪ್ಸೂಲ್ ಸರಿಯಾಗಿ ಎಳೆದಿದ್ದಕ್ಕೆ ಅಂತ ಡಾಕ್ಟ್ರಿಗೂ ಹೇಳೋಕಾಗಲ್ಲ ಅಂದ್ರು. 400 ಇದ್ದಿದ್ದು ವಾಪಸ್ 200ಕ್ಕೆ ಇಳಿಸಿದಾರೆ. ರಾತ್ರಿ ಮೂರಕ್ಕೆ ಎಚ್ಚರ ಆಗೋದು ವಾರಕ್ಕೆ ಒಂದ್ಸಲ, ಅದೂ ಮಳೆ ಬಂದಾಗ.

ಒಗ್ಗರಣೆ_ಘಾಟು

ಅಣ್ಣಾ, ಆ ಗಮ್ ಜಗಿದಾಗ ಬಿಕ್ಕಳಿಕೆ ಬರುತ್ತಾ ನಿಮ್ಗೂ? ನಂಗೆ ನಿನ್ನೆಯಿಂದ ನಿಲ್ತಿಲ್ಲ.

ಮೆಡಿಕಲ್_ಶಾಪ್_ಅಣ್ಣ

ಬೇಗ ಬೇಗ ಜಗೀತಿದೀರ. ದವಡೆ ಸಂದೀಲಿ ಇಡಿ ಅಂದಿದ್ದೆ ಅಲ್ವಾ, ಮೇಲೆ ಹೋಗಿ ಓದಿ.